ಕೆರೆಯೊಳಗಿನ ಪಾತ್ರೆ ಅಂಗಡಿ

ತುಮಕೂರಿನಲ್ಲಿ ನನ್ನ ಭಾಮೈದ ನಡೆಸುವ ಪಾತ್ರೆ ಅಂಗಡಿಯ ಮುಖ್ಯ ವ್ಯಾಪಾರ ತಟ್ಟೆ ಇಡ್ಲಿಯ ತಟ್ಟೆ, ಸ್ಟ್ಯಾಂಡು ಮತ್ತು ಸ್ಟೀಮರುಗಳದ್ದು. ಕ್ಯಾತಸಂದ್ರದ ತಟ್ಟೆ ಇಡ್ಲಿಯ ಕೀರ್ತಿ ಹೆದ್ದಾರಿಯುದ್ದಕ್ಕೂ ಹಬ್ಬಿರುವುದರಿಂದ, ಹೊಸದಾಗಿ ಹೋಟೆಲು ತೆರೆಯುವವರು ಪಾವಗಡದಿಂದಲೂ ಹಿರಿಯೂರಿನಿಂದಲೂ ಅವನನ್ನು ಹುಡುಕಿಕೊಂಡು ಬರುತ್ತಾರೆ. ಹುಡುಕುವ ಕಷ್ಟ ಅವರಿಗೇಕೆಂದು ಅವನು ವೆಬ್‌ಸೈಟ್ ಮಾಡಿಸಿದ. ಅಲ್ಲಿಂದ ಅವರ ಕಷ್ಟ ಇಮ್ಮಡಿಯಾಯಿತು.

ಪರಿಚಯದ ಬರಹವನ್ನು ಮದುವೆ ಪತ್ರಿಕೆ ಅಚ್ಚು ಹಾಕುವ ಪ್ರೆಸ್ಸಿನಲ್ಲಿ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿಸಿದ್ದರು. ಅದನ್ನು ಯೂನಿಕೋಡ್‌ಗೆ ಬದಲಾಯಿಸದೆ ಹಾಗೆಯೇ ಅಂಟಿಸಿದ್ದರಿಂದ, ಕನ್ನಡವೆಲ್ಲ ಟೋಪಿ, ಚುಕ್ಕೆ, ಬಾಲಗಳನ್ನು ತೊಟ್ಟ ರೋಮನ್ ಅಕ್ಷರಗಳಾಗಿ ಪ್ರಕಟವಾಯಿತು. ಭಾಮೈದ ಅದನ್ನು ಕಂಪ್ಯೂಟರಿನ ಕೋಡ್ ಎಂದೇ ನಂಬಿ, ಕೈಹಾಕಿದರೆ ಸೈಟು ಕೆಟ್ಟೀತೆಂದು ಬಹುಕಾಲ ಜೋಪಾನ ಮಾಡಿದ. ಅಂಥ ಬರಹ ಗ್ರಾಹಕರಿಗೆ ಅರ್ಥವಾಗುವುದು ಹಾಗಿರಲಿ, ಕನ್ನಡದಲ್ಲಿ ಹುಡುಕಿದವರಿಗೆ ಗೂಗಲ್ ಕೂಡ ಅದನ್ನು ತೋರಿಸುವಂತಿರಲಿಲ್ಲ. ಊರಿನ ಇಂಗ್ಲಿಷ್ ಕಾಗುಣಿತ 2014ರ ನವೆಂಬರ್ 1ರಂದು ಬದಲಾಗಿದ್ದರೂ ಜನರ ಬೆರಳಿಗೆ ಹಳೆಯದೇ ರೂಢಿಯಾಗಿರುವುದರಿಂದ ಎರಡನ್ನೂ ಸೈಟಿನಲ್ಲಿ ಬರೆಯಬೇಕೆಂಬುದು ಆಮೇಲೆ ಹೊಳೆಯಿತು.

ಮುಖಪುಟದಲ್ಲಿ ಮೇಲೆ ಮನೆದೇವರು, ಕೆಳಗೆ ಅಂಗಡಿ ಸ್ಥಾಪಿಸಿದ ತಾತನ ಭಾವಚಿತ್ರ. ಕ್ಯಾಮೆರಾದಿಂದ ನೇರವಾಗಿ ಏರಿಸಿದ್ದ ಆ ಚಿತ್ರ ಎಂಟು ಎಂಬಿ ತೂಗುತ್ತಿತ್ತು. ಮಧುಗಿರಿಯ ಹೋಟೆಲಿನವರೊಬ್ಬರು ಅದನ್ನು ತಮ್ಮ ಮೊಬೈಲಿನಲ್ಲಿ ತೆರೆದಾಗ ನಾನು ಪಕ್ಕದಲ್ಲೇ ಇದ್ದೆ. ಮೊದಲು ಮಾವಿನ ತೋರಣ ಇಳಿಯಿತು. ಸ್ವಲ್ಪ ಹೊತ್ತಿಗೆ ರುಮಾಲು, ಬಳಿಕ ವಿಭೂತಿ, ಅನಂತರ ಬಲಗಡೆಯ ಹುಬ್ಬು. ಮೀಸೆ ಬರುವ ಮೊದಲೇ ಅವರು ಫೋನನ್ನು ಜೇಬಿಗಿಳಿಸಿ, “ಯಜಮಾನರು ನಿಧಾನವಾಗಿ ಬರಲಿ, ಸ್ಟೀಮರ್ ಎಲ್ಲಿದೆ ಹೇಳಿ ಸ್ವಾಮಿ” ಎಂದರು. ಸ್ಟೀಮರು ನಾಲ್ಕನೆಯ ಪುಟದಲ್ಲಿತ್ತು.

ಅಂಗಡಿಗೆ ನೇರವಾಗಿ ಹೋಗೋಣವೆಂದು ನಕ್ಷೆಯನ್ನು ನಂಬಿದವರ ಪಾಡು ಬೇರೆ. ಗುರುತಿನ ಸೂಜಿ ಅಮಾನಿಕೆರೆಯ ನಟ್ಟನಡುವೆ ನೆಟ್ಟಿತ್ತು. ಏರಿಯ ಮೇಲೆ ನಿಂತು ಒಬ್ಬರು ಫೋನ್ ಮಾಡಿ, “ಅಣ್ಣಾ, ನಿಮ್ಮ ಅಂಗ್ಡಿ ನೀರೊಳಗೆ ತೋರಿಸ್ತಾ ಐತೆ, ದೋಣಿ ಕಳಿಸ್ತೀರಾ?” ಎಂದು ವಿನಯದಿಂದಲೇ ಕೇಳಿದರಂತೆ. ಅವರಿಗೆ ಫೋನ್ ನಂಬರ್ ಸಿಕ್ಕಿದ್ದೇ ಪವಾಡ, ಏಕೆಂದರೆ ಸೈಟಿನಲ್ಲಿ ಅದು ಚಿತ್ರದೊಳಗೆ ಬರೆದ ನಂಬರ್ ಆಗಿದ್ದರಿಂದ ಒತ್ತಿದರೆ ಕರೆ ಹೋಗುತ್ತಿರಲಿಲ್ಲ. ಬಾಯಿಪಾಠ ಮಾಡಿಕೊಂಡು ಒತ್ತುವಾಗ ಒಂದಂಕಿ ತಪ್ಪಿದವರೆಲ್ಲ ಸಿರಾದ ಯಾವುದೋ ಮನೆಯವರನ್ನು ಇಡ್ಲಿ ತಟ್ಟೆಯ ದರ ಕೇಳಿ ಬೈಸಿಕೊಂಡಿದ್ದರು. ವಿಚಾರಣೆಯ ಫಾರ್ಮ್ ತುಂಬಿದವರ ಪತ್ರಗಳು, ಪಾಸ್‌ವರ್ಡ್ ಮರೆತುಹೋದ ಇಮೇಲಿನಲ್ಲಿ ಕೊಳೆಯುತ್ತಿದ್ದವು. ಅದನ್ನು ಬಿಡಿಸಿ ನೋಡಿದಾಗ, ಸಿದ್ಧಗಂಗೆಯ ಜಾತ್ರೆಗೆ ಸ್ಟೀಮರುಗಳನ್ನು ಬಾಡಿಗೆಗೆ ಕೇಳಿದ್ದ ಪತ್ರವೊಂದು ಸಿಕ್ಕಿತು. ಜಾತ್ರೆ ಮುಗಿದು ದನಗಳೆಲ್ಲ ಊರು ಸೇರಿದ್ದವು.

ಇದಕ್ಕೆಲ್ಲ ಮದ್ದು ಗಲ್ಲಾಪೆಟ್ಟಿಗೆಯ ಪಕ್ಕದಲ್ಲೇ ಇತ್ತು. ಅಂಗಡಿಯ ಫೋನ್ ತೆಗೆಯುವವಳು ಭಾಮೈದನ ಹೆಂಡತಿ. ಜನರು ಕೇಳುವುದನ್ನೆಲ್ಲ ಅವಳು ಹಳೆಯ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಗುರುತು ಹಾಕಿಕೊಂಡಿದ್ದಳು: ಒಂದು ಸ್ಟ್ಯಾಂಡಿಗೆ ಎಷ್ಟು ತಟ್ಟೆ, ತಟ್ಟೆ ಸ್ಟೀಲೋ ಅಲ್ಯೂಮಿನಿಯಮ್ಮೋ, ಜಿಎಸ್‌ಟಿ ಬಿಲ್ ಕೊಡುತ್ತೀರಾ, ಬಸ್ಸಿಗೆ ಹಾಕಿ ಕಳಿಸುತ್ತೀರಾ, ಭಾನುವಾರ ಬಾಗಿಲು ತೆಗೆದಿರುತ್ತದೆಯೇ. ತಾತನ ಗುಣಗಾನವನ್ನು ಕೇಳಿದವರು ಆ ಪಟ್ಟಿಯಲ್ಲಿ ಒಬ್ಬರೂ ಇರಲಿಲ್ಲ. “ಅಣ್ಣ, ಇದನ್ನೇ ಮೊದಲ ಪುಟದಲ್ಲಿ ಹಾಕಿಸಿ, ನನ್ನ ಗಂಟಲಾದರೂ ಉಳೀತದೆ” ಎಂದು ಅವಳು ನನಗೆ ಪುಸ್ತಕ ಒಪ್ಪಿಸಿದಳು.

ಬೆಲೆ ಹಾಕುವ ಮಾತು ಬಂದಾಗ ಮಾತ್ರ ಭಾಮೈದ ರಚ್ಚೆ ಹಿಡಿದ. ಮಂಡಿಪೇಟೆಯ ಎದುರಾಳಿ ನೋಡಿಬಿಡುತ್ತಾನೆಂಬುದು ಅವನ ಭಯ. ಇಬ್ಬರೂ ಒಬ್ಬನೇ ಸಗಟು ವ್ಯಾಪಾರಿಯಿಂದ ಮಾಲು ತರುವುದರಿಂದ ಎದುರಾಳಿಗೆ ಬೆಲೆ ಬಾಯಿಪಾಠವಾಗಿದೆಯೆಂದೂ, ಅದನ್ನು ಅರಿಯದೆ ಹಿಂದಿರುಗುತ್ತಿರುವವನು ಗ್ರಾಹಕನೊಬ್ಬನೇ ಎಂದೂ ಅವಳು ಹೇಳಿದ ಮೇಲೆ ಅವನ ಬಾಯಿ ಕಟ್ಟಿತು. ತಾತ ಇನ್ನೂರು ಕೆಬಿಗೆ ಇಳಿದು ಕೊನೆಯ ಪುಟಕ್ಕೆ ಹೋದರು. ಅವರ ಜಾಗದಲ್ಲಿ, ಹಿಟ್ಟು ಹುಯ್ದು, ಆವಿಯಲ್ಲಿ ಬೇಯಿಸಿ, ಬಿಸಿ ಇಡ್ಲಿಯನ್ನು ತಟ್ಟೆಯಿಂದ ಹರಿಯದಂತೆ ಎಬ್ಬಿಸುವ ಪುಟ್ಟ ವಿಡಿಯೋ ಬಂತು. ಮುಖ ತೋರಿಸಲೊಪ್ಪದ ಅವಳ ಕೈಯೂ ಹಸಿರು ಬಳೆಯೂ ಮಾತ್ರ ಅದರಲ್ಲಿವೆ.

ಈಗ ಕರೆಗಳಿಗೇನೂ ಕೊರತೆಯಿಲ್ಲ. ಅರ್ಧಕ್ಕರ್ಧ ಜನ ಕೇಳುವುದು ಅಕ್ಕಿ ಎಷ್ಟು, ಉದ್ದು ಎಷ್ಟು, ಸಬ್ಬಕ್ಕಿ ನೆನೆಹಾಕುತ್ತೀರಾ ಎಂದು. ಪುಕ್ಕಟೆ ಪಾಕಶಾಲೆಯಾಯಿತೆಂದು ಭಾಮೈದ ಗೊಣಗುತ್ತಾನೆ. ಹದ ಕೇಳಿದವರೇ ಮರುವಾರ ಸ್ಟ್ಯಾಂಡು ಕೇಳುತ್ತಾರೆಂದು ಅವಳು ಬಿಲ್ ತೋರಿಸುತ್ತಾಳೆ. ಸೈಟಿನ ಪಾಸ್‌ವರ್ಡ್ ಅವಳ ವಶದಲ್ಲಿದೆ. ಯುಗಾದಿಗೆ ತನ್ನ ಭಾವಚಿತ್ರವಿರುವ ಶುಭಾಶಯವನ್ನು ಮುಖಪುಟಕ್ಕೆ ಹಾಕಬೇಕೆಂದು ಅವನು ಕೇಳಿಕೊಂಡಾಗ, ಅವಳು ಫೋನಿನಿಂದ ತಲೆಯೆತ್ತದೆ ಕೇಳಿದ್ದು ಇಷ್ಟೇ: “ಎಷ್ಟು ಕೆಬಿ ಇದೀರಿ?”