ಕೊನೆ ಹೇಳದೆ ಅಭಿಪ್ರಾಯ ಹೇಳಲಾಗದೇ?

ನಾಳೆ ನೋಡಲೆಂದು ಟಿಕೆಟ್ ಕಾದಿರಿಸಿದ್ದ ಪತ್ತೇದಾರಿ ಚಿತ್ರದ ಕೊಲೆಗಾರ ಯಾರೆಂಬುದು ಇಂದು ಕಚೇರಿಯ ಕ್ಯಾಂಟೀನಿನಲ್ಲಿ, ಇಡ್ಲಿಯನ್ನು ಸಾಂಬಾರಿಗೆ ಅದ್ದುತ್ತಿರುವಾಗಲೇ ನನಗೆ ತಿಳಿದುಹೋಯಿತು. ಚಿತ್ರ ಚೆನ್ನಾಗಿದೆಯೇ ಎಂದಷ್ಟೇ ಕೇಳಿದ್ದೆ. "ಸೂಪರ್ ಸಾರ್, ಕೊನೆಗೆ ಆ ಡಾಕ್ಟರೇ ಕೊಲೆಗಾರ ಅಂತ ಗೊತ್ತಾಗುತ್ತಲ್ಲ, ಮೈ ಜುಮ್ಮೆನ್ನುತ್ತೆ" ಎಂದರು ಸಹೋದ್ಯೋಗಿ. ಇನ್ನು ನನ್ನ ಮೈ ಜುಮ್ಮೆನ್ನುವುದು ಹೇಗೆ?

ಅಭಿಪ್ರಾಯ ಹೇಳುವುದೆಂದರೆ ಕಥೆಯನ್ನೇ ಒಪ್ಪಿಸುವುದೆಂದು ಇವರಿಗೆ ಹೇಳಿಕೊಟ್ಟವರು ಯಾರು? ಶುಕ್ರವಾರದ ಮೊದಲ ಆಟ ಮುಗಿಯುವ ಮುನ್ನವೇ ಕ್ಲೈಮ್ಯಾಕ್ಸ್‌ನ ತುಣುಕನ್ನು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕುವವರು, ಮಧ್ಯಂತರದ ಪಾಪ್‌ಕಾರ್ನ್ ಸಾಲಿನಲ್ಲಿ ಮುಂದಿನ ತಿರುವನ್ನು ಗಟ್ಟಿಯಾಗಿ ವಿವರಿಸುವ ಎರಡನೇ ಸಲದ ಪ್ರೇಕ್ಷಕರು, "ಕಥೆ ಹೇಳಲ್ಲ, ಆದರೆ ನಾಯಕಿ ಉಳಿಯಲ್ಲ" ಎನ್ನುವ ನೆಂಟರು, ಎಲ್ಲರೂ ಸೇರಿ ಕತ್ತಲಲ್ಲಿ ಕುಳಿತು ಊಹಿಸುವ, ಊಹೆ ತಪ್ಪಿದಾಗ ಬೆರಗಾಗುವ ಸುಖವನ್ನೇ ನಮ್ಮಿಂದ ಕಸಿದುಕೊಂಡಿದ್ದಾರೆ. ನಿರ್ದೇಶಕ ಎರಡೂವರೆ ಗಂಟೆ ಜೋಪಾನವಾಗಿ ಬಚ್ಚಿಟ್ಟದ್ದನ್ನು ಒಂದೇ ಉಸಿರಿಗೆ ಬಯಲು ಮಾಡುವ ಹಕ್ಕು ಇವರಿಗೆ ಎಲ್ಲಿಂದ ಬಂತು?

2015ರ ಜುಲೈನಲ್ಲಿ ಬಾಹುಬಲಿಯ ಅಬ್ಬರದೆದುರು ಕನ್ನಡದ ರಹಸ್ಯಕಥೆಯ ಚಿತ್ರ ರಂಗಿತರಂಗ ಚಿತ್ರಮಂದಿರಗಳಲ್ಲಿ ಉಳಿದುಕೊಂಡದ್ದು ನೋಡಿದವರ ಬಾಯಿಮಾತಿನ ಬಲದಿಂದ. ಆ ಬಾಯಿಗಳೆಲ್ಲ ರಹಸ್ಯವನ್ನೇ ಮೊದಲು ಒದರಿಬಿಟ್ಟಿದ್ದರೆ ಎರಡನೇ ವಾರ ಟಿಕೆಟ್ ಕೊಳ್ಳಲು ಯಾರು ಬರುತ್ತಿದ್ದರು?