ಸತ್ಯಾಂಶ: ಸಂಬಂಧವಿದ್ದ ಮಾತ್ರಕ್ಕೆ ಸಹಿ ಹಾಕುವ ಅಧಿಕಾರ ಬರುವುದಿಲ್ಲ

ಮನೆಯ ಹಿರಿಯರೊಬ್ಬರು ಕೋಮಾಗೆ ಜಾರಿದರೆ ಸಂಗಾತಿ ಅಥವಾ ಮಕ್ಕಳು ತಾವಾಗಿಯೇ ಕಾನೂನುಬದ್ಧ ಪಾಲಕರಾಗುತ್ತಾರೆ ಎಂಬ ಸಂದೇಶ ಮತ್ತೆ ಮತ್ತೆ ಫಾರ್ವರ್ಡ್ ಆಗುತ್ತದೆ. ಇದು ಸರಿಯಲ್ಲ.

ಗೊಂದಲ ಸಹಜವೇ. ತುರ್ತು ಚಿಕಿತ್ಸೆಯ ವೇಳೆ ವೈದ್ಯರು ಹತ್ತಿರದವರನ್ನೇ ಕೇಳುತ್ತಾರಲ್ಲ! ಆದರೆ ಹಣ, ಆಸ್ತಿಯ ಮಾತು ಬೇರೆ. ಅಪ್ಪನ ಪಾಸ್‌ಬುಕ್ ಹಿಡಿದು ಕೌಂಟರಿನ ಮುಂದೆ ನಿಂತ ಮಗಳಿಗೆ "ಖಾತೆದಾರರ ಸಹಿ ಬೇಕು" ಎಂಬ ಉತ್ತರ ಸಿಕ್ಕಾಗಲೇ ಇದು ಅರಿವಾಗುವುದು. ವಯಸ್ಕರ ಪರವಾಗಿ ವ್ಯವಹರಿಸಲು ಸಾಮಾನ್ಯವಾಗಿ ನ್ಯಾಯಾಲಯದ ಆದೇಶ ಬೇಕು. ವೈದ್ಯಕೀಯ ವರದಿಯನ್ನೂ ಕೇಳುತ್ತಾರೆ. ಸಾಮಾನ್ಯ ಪವರ್ ಆಫ್ ಅಟಾರ್ನಿ (ತಮ್ಮ ಪರವಾಗಿ ವ್ಯವಹರಿಸಲು ಇನ್ನೊಬ್ಬರಿಗೆ ಬರೆದುಕೊಡುವ ಅಧಿಕಾರಪತ್ರ) ಕೂಡ, ಬರೆದುಕೊಟ್ಟವರು ನಿರ್ಧರಿಸುವ ಸಾಮರ್ಥ್ಯ ಕಳೆದುಕೊಂಡರೆ, ಹಲವು ದೇಶಗಳಲ್ಲಿ ಅಸಿಂಧುವಾಗುತ್ತದೆ.

ಈ ಬಿಗಿ ಕಿರುಕುಳಕ್ಕಲ್ಲ, ಮಲಗಿರುವವರ ರಕ್ಷಣೆಗೆ. ಅಂಗವಿಕಲರಿಗೂ ಕಾನೂನಿನ ಮುಂದೆ ಸಮಾನ ಸಾಮರ್ಥ್ಯವಿದೆ ಎಂದು 2006ರ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ ಹೇಳುತ್ತದೆ.

ಇಂಥ ಸಂದೇಶ ಬಂದರೆ ಮೊದಲು ನೋಡಿ: ಯಾವ ದೇಶದ, ಯಾವ ಕಾಯ್ದೆಯ, ಎಷ್ಟನೇ ಕಲಂ? ಅದಿಲ್ಲದಿದ್ದರೆ ಅಲ್ಲೇ ನಿಲ್ಲಿ. ಇದ್ದರೆ ಸರ್ಕಾರಿ ಜಾಲತಾಣದಲ್ಲಿ ಮೂಲ ಪಠ್ಯ ಓದಿ, ಇಲ್ಲವೇ ಉಚಿತ ಕಾನೂನು ನೆರವು ಕೇಂದ್ರದಲ್ಲಿ ವಿಚಾರಿಸಿ. ಕಳಿಸಿದವರು ಕಾಳಜಿಯಿಂದಲೇ ಕಳಿಸಿರುತ್ತಾರೆ, ಅವರಿಗೂ ತಿಳಿಸಿ.