ಉಗುರಗಲದ ನಂಟು

ಬೆಳಿಗ್ಗೆ ಕಾರಿನ ಬಾಗಿಲು ತೆಗೆದರೆ ಕನ್ನಡಿ ಗೇರ್ ಪಕ್ಕದಲ್ಲಿ ಬೋರಲು ಬಿದ್ದಿತ್ತು. ಒಡೆದಿರಲಿಲ್ಲ. ರಾತ್ರಿ ಯಾವುದೋ ಹೊತ್ತಿನಲ್ಲಿ, ಹಿಂದೆ ನೋಡುವಂಥದ್ದು ಇನ್ನೇನೂ ಉಳಿದಿಲ್ಲವೆಂದು ತಾನೇ ತೀರ್ಮಾನಿಸಿ ಕೈಬಿಟ್ಟಿತೋ ಏನೋ. ಎತ್ತಿ ತಿರುಗಿಸಿದರೆ ಕಂಡದ್ದು ನನ್ನದೇ ಮುಖ. ಆ ಹೊತ್ತಿನ ಆ ಮುಖ ನೋಡಿ, ಅದು ಬಿದ್ದದ್ದರಲ್ಲಿ ಆಶ್ಚರ್ಯವಿಲ್ಲ ಅನ್ನಿಸಿತು.

ಮುಂದಿನ ಗಾಜಿನ ಮೇಲೆ ಬೂದು ಬಣ್ಣದ ಒಂದು ಕಲೆ ಉಳಿದಿತ್ತು, ಹೆಬ್ಬೆರಳ ಉಗುರಿನಷ್ಟು. ಇಷ್ಟು ವರ್ಷ ಕನ್ನಡಿ ನಿಂತಿದ್ದದ್ದು ಅಷ್ಟೇ ಜಾಗದ ಮೇಲೆ! ಗಾಜಿಗೆ ಒಂದು ಲೋಹದ ಬಿಲ್ಲೆ ಅಂಟಿರುತ್ತದೆ, ಕನ್ನಡಿಯ ತೋಳು ಆ ಬಿಲ್ಲೆಗೆ ಸಿಕ್ಕಿಕೊಂಡಿರುತ್ತದೆ, ಒಂದು ಪುಟ್ಟ ಸ್ಕ್ರೂ ಅದನ್ನು ಬಿಗಿಹಿಡಿದಿರುತ್ತದೆ. ಅಷ್ಟೇ ಸಂಸಾರ.

ಕನ್ನಡಿಯಿಲ್ಲದೆ ಓಡಿಸಿದ ಮೊದಲ ದಿನ ಗೊತ್ತಾಯಿತು, ನನ್ನ ಕಣ್ಣು ದಿನಕ್ಕೆ ಎಷ್ಟು ಸಲ ಮೇಲೇಳುತ್ತದೆಂದು. ಎದ್ದಾಗಲೆಲ್ಲ ಅದಕ್ಕೆ ಸಿಕ್ಕಿದ್ದು ಮೋಡ. ಬಾಗಿಲ ಕನ್ನಡಿಗಳಿದ್ದವಲ್ಲ ಅನ್ನಬಹುದು. ಅವು ಸಾಮಾನ್ಯವಾಗಿ ಉಬ್ಬುಗಾಜಿನವು. ಹೆಚ್ಚು ಜಾಗ ತೋರಿಸುವ ಆಸೆಗೆ ಎಲ್ಲವನ್ನೂ ಕುಗ್ಗಿಸಿ ದೂರ ತಳ್ಳುತ್ತವೆ. ಇದ್ದದ್ದನ್ನು ಇದ್ದಷ್ಟೇ ಹೇಳುವುದು ನಡುವಿನ ಚಪ್ಪಟೆ ಕನ್ನಡಿ ಮಾತ್ರ. ಸಿಂಹ ನಡೆಯುತ್ತ ನಡೆಯುತ್ತ ಕತ್ತು ಹೊರಳಿಸಿ ಹಿಂದೆ ನೋಡುತ್ತದಂತೆ, ಅದಕ್ಕೇ ಸಿಂಹಾವಲೋಕನ ಅನ್ನುವ ಮಾತು. ಸಿಂಹದ ಕೈಯಲ್ಲಿ ಸ್ಟೀರಿಂಗ್ ಇರಲಿಲ್ಲ.

ಪಕ್ಕದಲ್ಲಿ ಕೂತ ಹೆಂಡತಿ ಆ ಕೆಲಸ ವಹಿಸಿಕೊಂಡಳು. "ಹಿಂದೆ ಲಾರಿ ಬರ್ತಾ ಇದೆ ರೀ." "ಸ್ಕೂಟರ್‌ನವನು ಎಡಗಡೆಯಿಂದ ನುಗ್ತಾ ಇದ್ದಾನೆ." ಇದು ಹೊಸ ಹುದ್ದೆಯೇನಲ್ಲ. ಮೊದಲ ಕಾಲದ ರೇಸುಗಳಲ್ಲಿ ಚಾಲಕನ ಪಕ್ಕ ಒಬ್ಬ ಮೆಕ್ಯಾನಿಕ್ ಕೂರುತ್ತಿದ್ದ. ಹಿಂದೆ ಯಾರು ಬರುತ್ತಿದ್ದಾರೆ ಎಂದು ಹೇಳುವುದೂ ಅವನ ಕೆಲಸ. 1911ರ ಇಂಡಿಯಾನಾಪೊಲಿಸ್ 500 ರೇಸಿಗೆ ರೇ ಹಾರೂನ್ ಒಬ್ಬನೇ ಕೂರುವ ಕಾರು ತಂದಾಗ ಉಳಿದವರು ತಕರಾರು ತೆಗೆದರು. ಆತ ಮುಂದೆ ಒಂದು ಕನ್ನಡಿ ಕಟ್ಟಿಕೊಂಡು ಹೋಗಿ ರೇಸು ಗೆದ್ದ. ಇಟ್ಟಿಗೆ ಹಾಸಿದ ಆ ಟ್ರ್ಯಾಕಿನಲ್ಲಿ ಕನ್ನಡಿ ಅದುರಿ ಅದುರಿ ಏನೂ ಕಾಣಲೇ ಇಲ್ಲ ಎಂದು ಆಮೇಲೆ ಆತನೇ ಒಪ್ಪಿಕೊಂಡನಂತೆ. ಅದಕ್ಕೂ ಎರಡು ವರ್ಷ ಮೊದಲು, 1909ರಲ್ಲಿ, ಡೊರೊಥಿ ಲೆವಿಟ್ ಎಂಬ ಚಾಲಕಿ ಕೈಗನ್ನಡಿಯೊಂದನ್ನು ಜೊತೆಗಿಟ್ಟುಕೊಂಡು ಆಗಾಗ ಎತ್ತಿ ಹಿಂದೆ ನೋಡಿಕೊಳ್ಳಿ ಎಂದು ಹೆಂಗಸರಿಗೆ ಬರೆದಿದ್ದಳು. ರೇಸಿನ ಗದ್ದಲವಿಲ್ಲದ ಆ ಸಲಹೆಯೇ ನನಗೆ ಹೆಚ್ಚು ಜಾಣತನದ್ದು ಅನ್ನಿಸುತ್ತದೆ.

ಅಂಟಿಸುವುದೇನು ಮಹಾ ಎಂದು ಮನೆಯಲ್ಲಿದ್ದ ಸೂಪರ್ ಗ್ಲೂ ತಂದೆ. ಧಾರಾಳವಾಗಿ ಸುರಿದೆ. ಬಿಲ್ಲೆಗಿಂತ ಮೊದಲು ತೋರುಬೆರಳೂ ಹೆಬ್ಬೆರಳೂ ಅಂಟಿಕೊಂಡವು. ಅಂಗೈ ಹುಣ್ಣಿಗೆ ಕನ್ನಡಿ ಬೇಡ ಅನ್ನುತ್ತಾರೆ. ಕನ್ನಡಿಯಿಂದಲೇ ಬಂದ ಹುಣ್ಣಿಗೆ ಏನನ್ನಬೇಕೋ! ಮೂರು ದಿನ ನಿಂತಿತು. ನಾಲ್ಕನೆಯ ಮಧ್ಯಾಹ್ನ, ಸುಡುಬಿಸಿಲಿನಲ್ಲಿ, ಹೆಂಡತಿಯ ತೊಡೆಯ ಮೇಲೆ ಬಿತ್ತು. ಅವಳು ಏನೂ ಅನ್ನಲಿಲ್ಲ. ಅದು ಒಳ್ಳೆಯ ಲಕ್ಷಣವಲ್ಲ.

ತಪ್ಪು ಅಂಟಿನದಲ್ಲ, ಅದಕ್ಕೆ ಕೊಟ್ಟ ಕೆಲಸದ್ದು. ಸೂಪರ್ ಗ್ಲೂ ಒಣಗಿದರೆ ಗಡುಸು, ಪೆಡಸು. ಬಿಸಿಲಿಗೆ ಗಾಜು ಹಿಗ್ಗುತ್ತದೆ, ಲೋಹ ಅದಕ್ಕಿಂತ ಹೆಚ್ಚು ಹಿಗ್ಗುತ್ತದೆ, ರಾತ್ರಿ ಎರಡೂ ಕುಗ್ಗುತ್ತವೆ. ಈ ಎಳೆದಾಟದ ನಡುವೆ ಸಿಕ್ಕವನು ಸ್ವಲ್ಪ ಬಾಗಬೇಕು, ಇಲ್ಲವೇ ಬಿರುಕು ಬಿಡಬೇಕು. ಮೇಲಿಂದ ಪ್ರತಿ ಹಳ್ಳಕ್ಕೂ ಕನ್ನಡಿಯ ಭಾರ ಜಗ್ಗುತ್ತದೆ.

ಇದಕ್ಕೆಂದೇ ಇರುವ ಅಂಟು ಬೇರೆ. ಮೊದಲು ಗಾಜಿಗೆ ಒಂದು ದ್ರಾವಣ ಸವರಬೇಕು, ಆಮೇಲೆ ಬಿಲ್ಲೆಗೆ ಒಂದು ಹನಿ. ಅದರ ಸ್ವಭಾವ ವಿಚಿತ್ರ: ಗಾಳಿ ಆಡುವಷ್ಟು ಹೊತ್ತು ನೀರಾಗಿಯೇ ಇರುತ್ತದೆ. ಟ್ಯೂಬನ್ನು ಅರೆಬರೆ ತುಂಬಿಸಿರುವುದು ಜಿಪುಣತನವಲ್ಲ, ಒಳಗಿನ ಗಾಳಿಯೇ ಅದನ್ನು ಕಾಯುವುದು. ಲೋಹಕ್ಕೂ ಗಾಜಿಗೂ ನಡುವೆ ಒತ್ತಿ ಉಸಿರು ಕಟ್ಟಿಸಿದಾಗ ಮಾತ್ರ ಗಟ್ಟಿಯಾಗುತ್ತದೆ. ಹೆಚ್ಚು ಸುರಿದರೆ ಅಂಚಿನಿಂದ ಹೊರಗೆ ಬಂದದ್ದು ಹಸಿಯಾಗಿಯೇ ಉಳಿಯುತ್ತದೆ. ನನ್ನ ಧಾರಾಳತನಕ್ಕೆ ಇಲ್ಲಿ ಕೆಲಸವಿರಲಿಲ್ಲ.

ಹಳೆಯ ಅಂಟನ್ನು ಬ್ಲೇಡಿನಿಂದ ಕೆರೆಯುವಾಗ ಗಾಜು ಎಲ್ಲಿ ಬಿರಿಯುತ್ತದೋ ಎಂದು ಜೀವ ಕೈಯಲ್ಲಿತ್ತು. ಬಿರಿದರೂ ತಲೆಯ ಮೇಲೆ ಸುರಿಯುವುದಿಲ್ಲ, ಅಷ್ಟು ಧೈರ್ಯ. ಕಾರಿನ ಮುಂದಿನ ಗಾಜೆಂದರೆ ಎರಡು ಗಾಜುಗಳ ನಡುವೆ ಪ್ಲಾಸ್ಟಿಕ್ ಪದರ. ಅದೂ ಒಂದು ವಸ್ತು ಬಿದ್ದದ್ದರಿಂದಲೇ ಹುಟ್ಟಿದ್ದು. 1903ರಲ್ಲಿ ಫ್ರಾನ್ಸಿನ ಎಡ್ವಾರ್ ಬೆನೆಡಿಕ್ಟಸ್ ಕೈಜಾರಿಸಿದ ಫ್ಲಾಸ್ಕ್ ಬಿರುಕು ಬಿಟ್ಟಿತೇ ಹೊರತು ಚೂರಾಗಲಿಲ್ಲ; ಒಳಗೆ ಒಣಗಿದ್ದ ಸೆಲ್ಯುಲೋಸ್ ನೈಟ್ರೇಟ್ ಪದರ ಚೂರುಗಳನ್ನು ಹಿಡಿದಿಟ್ಟಿತ್ತು. ನನ್ನ ಕೈಯಿಂದ ಎಷ್ಟೋ ಬಿದ್ದಿವೆ, ಪ್ರಪಂಚಕ್ಕೆ ಏನೂ ಲಾಭವಾಗಿಲ್ಲ.

ಹೊರಗಿನಿಂದ ಟೇಪು ಹಚ್ಚಿ ಜಾಗ ಗುರುತಿಸಿದೆ. ಒಳಗೆ ಸ್ಪಿರಿಟ್‌ನಲ್ಲಿ ಒರೆಸಿದೆ. ಬಿಲ್ಲೆಯ ಕಿರಿದಾದ ತುದಿ ಮೇಲೋ ಕೆಳಗೋ ಎಂದು ಅಂಟು ಹಾಕುವ ಮೊದಲೇ ಹತ್ತು ಸಲ ನೋಡಿಕೊಂಡೆ. ತೋಳು ಮೇಲಿನಿಂದ ಇಳಿಯುವಂಥದ್ದು, ಆದ್ದರಿಂದ ಮೇಲೆ. ಹೆಬ್ಬೆರಳಿನಿಂದ ಅದುಮಿ ಒಂದು ನಿಮಿಷ ಹಿಡಿಯಬೇಕು. ಸೀಟಿನ ಮೇಲೆ ಮಂಡಿಯೂರಿ, ಕತ್ತು ಸೊಟ್ಟ ಮಾಡಿ, ಉಸಿರು ಬಿಗಿಹಿಡಿದು ನಿಂತಾಗ ಒಂದು ನಿಮಿಷವೆಂದರೆ ಎಷ್ಟು ಉದ್ದ! ಪಕ್ಕದ ಮನೆಯ ಹುಡುಗ ಬಂದು ಗಾಜಿಗೆ ಮೂಗು ಒತ್ತಿ ಕೇಳಿದ: "ಅಂಕಲ್, ಒಳಗಿಂದ ತಳ್ಳಿದ್ರೆ ಕಾರು ಹೋಗುತ್ತಾ?"

ಆಮೇಲೆ 24 ಗಂಟೆ ಮುಟ್ಟಬಾರದೆಂದು ನಾನೇ ಕಟ್ಟುಪಾಡು ಹಾಕಿಕೊಂಡೆ. ಆ ರಾತ್ರಿ ಕನ್ನಡಿಯನ್ನು ಮೇಜಿನ ಮೇಲಿಟ್ಟು ಅದರ ಕೆಳಗಿನ ಪುಟ್ಟ ಕೊಂಡಿಯನ್ನು ಟಕ್ಕಟಕ್ ಮಾಡುತ್ತ ಕೂತೆ. ಒಳಗಿನ ಗಾಜು ಬೆಣೆಯಂತೆ ಒಂದು ಕಡೆ ದಪ್ಪ, ಒಂದು ಕಡೆ ತೆಳು. ಹಗಲು ಹಿಂಬದಿಯ ಲೇಪ ಬೆಳಕನ್ನೆಲ್ಲ ತಿರುಗಿಸುತ್ತದೆ. ಕೊಂಡಿ ಎಳೆದರೆ ಆ ಬೆಳಕು ಬೇರೆಡೆಗೆ ಹೋಗಿ, ಕಣ್ಣಿಗೆ ತಲುಪುವುದು ಗಾಜಿನ ಮುಂಬದಿ ತಿರುಗಿಸುವ ಶೇಕಡಾ 4ರಷ್ಟು ಮಾತ್ರ. ಬೆನ್ನಿಗೆ ಬಿದ್ದು ಹೆಡ್‌ಲೈಟ್ ಚುಚ್ಚುವವನನ್ನು ನೂರರಲ್ಲಿ ನಾಲ್ಕಕ್ಕೆ ಇಳಿಸುವ ಸೌಲಭ್ಯ! ಇಂಥ ಕೊಂಡಿ ಕಿವಿಗೂ ಇದ್ದಿದ್ದರೆ ಎಂದು ಒಂದು ಗಳಿಗೆ ಅನ್ನಿಸಿತು. ಜೋರಾಗಿ ಹೇಳಲಿಲ್ಲ.

ಮರುದಿನ ತೋಳನ್ನು ಬಿಲ್ಲೆಗೆ ಇಳಿಸಿ ಅಲೆನ್ ಕೀಯಿಂದ ಸ್ಕ್ರೂ ತಿರುಗಿಸಿದೆ, ತಡೆಯುವವರೆಗೆ ಮಾತ್ರ; ಇನ್ನೊಂದು ಸುತ್ತು ಎಂಬ ಆಸೆಗೇ ಎಷ್ಟೋ ಬಿಲ್ಲೆಗಳು ಕಿತ್ತು ಬರುವುದು. ಬಿಲ್ಲೆ ಕೂದಲೆಳೆಯಷ್ಟು ವಾರೆಯಾಗಿದೆ. ನೋಡಿದವರಿಗೆ ಗೊತ್ತಾಗುವುದಿಲ್ಲ, ನನಗೆ ಗೊತ್ತು.

ಬಿಸಿಲು ಬಂದು ಹೋಗಿ ಈಗ ಎಷ್ಟೋ ತಿಂಗಳಾಯಿತು. ಕನ್ನಡಿ ನಿಂತಿದೆ. ನಿನ್ನೆ ಸಿಗ್ನಲ್ಲಿನಲ್ಲಿ ನಿಂತಾಗ ಹೆಂಡತಿ ಸೀಟಿನಲ್ಲಿ ಅರ್ಧ ತಿರುಗಿ ಹಿಂದೆ ನೋಡಿ, "ಬಸ್ಸು ತುಂಬಾ ಹತ್ರ ಬಂದಿದೆ ರೀ" ಅಂದಳು. ಕಣ್ಣೆತ್ತಿದೆ. ಬಂದಿತ್ತು.